ಮತ್ತೆ ಒಂದನೇ ಸಂಚಿಕೆ: ಸೂಪರ್‌ಹೀರೋ ತಂಡಗಳ ಮರುಆರಂಭ ಮತ್ತು ಓದುಗರ ತಕರಾರು

(ಶಿವಮೊಗ್ಗದ ಓದುಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭಿಕರೆಲ್ಲರಿಗೂ ನಮಸ್ಕಾರ.

ಕಾಮಿಕ್ಸ್ ಕುರಿತು ಮಾತನಾಡಬೇಕೆಂದು ನೀವು ಕೇಳಿದಾಗ ವಿಷಯವನ್ನು ನಾನೇ ಸ್ವಲ್ಪ ಕಿರಿದು ಮಾಡಿಕೊಂಡೆ. ಅಮೆರಿಕದ ಸೂಪರ್‌ಹೀರೋ ತಂಡವೊಂದರ ಮಾಸಿಕವನ್ನು ಪ್ರಕಾಶಕರು ನಿಲ್ಲಿಸಿ, ಹೊಸ ಬರಹಗಾರ, ಹೊಸ ಚಿತ್ರಕಾರ, ಕೆಲವು ಸಲ ಹೊಸ ಸದಸ್ಯರನ್ನೂ ಕೂಡಿಸಿಕೊಂಡು ಪುನಃ ಒಂದನೇ ಸಂಚಿಕೆಯಿಂದ ಹೊರತಂದಾಗ ಓದುಗರು ಏನೆನ್ನುತ್ತಾರೆ, ಹಾಗೆ ಅನ್ನುವುದರಲ್ಲಿ ಯಾವುದನ್ನು ನಿಜವಾದ ಅಭಿಪ್ರಾಯವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂಬಷ್ಟನ್ನು ಮಾತ್ರ ಇಂದು ವಿಚಾರಿಸುತ್ತೇನೆ. ಹಳೆಯ ಓದುಗರು ಹೊಸದನ್ನು ಸಹಿಸುವುದಿಲ್ಲ ಎಂದು ಪ್ರಕಾಶಕರೂ ವಿಮರ್ಶಕರೂ ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ತಂಡ ಹೊಸದಾದುದಕ್ಕೆ ಓದುಗರು ಮುನಿಸಿಕೊಂಡ ಉದಾಹರಣೆಗಳು ಕಡಿಮೆ. ತಾವು ವರ್ಷಗಟ್ಟಲೆ ಓದಿದ್ದು ನಡೆದೇ ಇಲ್ಲ ಎಂದು ಪ್ರಕಾಶಕರು ಘೋಷಿಸಿದಾಗ ಅವರು ಸಿಟ್ಟಾದ ಉದಾಹರಣೆಗಳು ಬಹಳ.

ನಮ್ಮಲ್ಲಿ ವಯಸ್ಸು ಐವತ್ತು ದಾಟಿದವರಿಗೆ ಕಾಮಿಕ್ಸ್ ಎಂದೊಡನೆ ನೆನಪಾಗುವುದು ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯವರು 1964ರಲ್ಲಿ ಆರಂಭಿಸಿ 1990ರವರೆಗೆ ನಡೆಸಿದ ಆ ಮಾಲೆ ಕನ್ನಡದಲ್ಲಿಯೂ ಬರುತ್ತಿತ್ತು, ಮತ್ತು ಮಳೆಗಾಲದಲ್ಲಿ ಜಗಲಿಯ ಮೇಲೆ ಕುಳಿತು ಫ್ಯಾಂಟಮ್, ಮಾಂಡ್ರೇಕ್, ಬಹದ್ದೂರರ ಸಾಹಸಗಳನ್ನು ಓದಿದವರು ಈ ಸಭೆಯಲ್ಲಿಯೇ ಇದ್ದೀರಿ. ಅಮರ ಚಿತ್ರ ಕಥೆಯ ಮೊತ್ತಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿಯೇ ಹೊರಟವು ಎಂಬುದನ್ನೂ, ಅವುಗಳಲ್ಲಿದ್ದದ್ದು ಪುರಾಣವಲ್ಲ, ಪಾಶ್ಚಾತ್ಯ ಮಕ್ಕಳ ಕಥೆಗಳು ಎಂಬುದನ್ನೂ ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ; ಅದು ಬೇರೆ ದಿನದ ಉಪನ್ಯಾಸಕ್ಕೆ ತಕ್ಕ ವಿಷಯ. ಫ್ಯಾಂಟಮ್, ಮಾಂಡ್ರೇಕ್, ಬಹದ್ದೂರ್ ಎಲ್ಲರೂ ಒಂಟಿ ನಾಯಕರು ಎಂಬುದಷ್ಟೇ ಇಂದಿಗೆ ಮುಖ್ಯ. ಅದರಲ್ಲೂ ಫ್ಯಾಂಟಮ್‌ನ ಕಥೆಗಾರನಿಗೆ ಮರುಆರಂಭದ ಚಿಂತೆಯೇ ಇರಲಿಲ್ಲ, ಏಕೆಂದರೆ ಮುಖವಾಡ ತಂದೆಯಿಂದ ಮಗನಿಗೆ ದಾಟುತ್ತ ಬಂದದ್ದು, ನಾವು ಓದಿದವನು ಇಪ್ಪತ್ತೊಂದನೆಯವನು. ತಂಡಗಳು ನಮ್ಮ ಊರುಗಳಿಗೆ ತಡವಾಗಿ ಬಂದವು. ಇಲ್ಲಿ ಕುಳಿತಿರುವ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅವೆಂಜರ್ಸ್‌ರನ್ನು ಮೊದಲು ಕಂಡದ್ದು 2012ರ ನಂತರದ ಸಿನಿಮಾಗಳಲ್ಲಿ. ಸಿನಿಮಾ ನೋಡಿ ಬಂದವರು ಕಾಮಿಕ್ಸ್ ತೆರೆದಾಗ ತಮಗೆ ಗೊತ್ತಿರುವ ತಂಡ ಅಲ್ಲಿಲ್ಲದೆ, ಗೊತ್ತಿಲ್ಲದ ಅರುವತ್ತು ವರ್ಷದ ಚರಿತ್ರೆ ಮಾತ್ರ ಇರುವುದನ್ನು ಕಂಡು ಮುಚ್ಚಿಬಿಡುತ್ತಾರೆ. ಪ್ರಕಾಶಕರು ಒಂದನೇ ಸಂಚಿಕೆಯನ್ನು ಮತ್ತೆ ಮತ್ತೆ ಮುದ್ರಿಸುವುದು ಇಂಥವರನ್ನು ಒಳಗೆ ಕರೆದುಕೊಳ್ಳುವುದಕ್ಕಾಗಿ. ಉದ್ದೇಶದಲ್ಲಿ ತಪ್ಪೇನೂ ಇಲ್ಲ.

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಈ ಪ್ರಶ್ನೆಯನ್ನು ತಾಳಮದ್ದಳೆಯ ಮೂಲಕ ವಿವರಿಸುವುದು ಸುಲಭ. ವಾಲಿವಧೆಯ ಪ್ರಸಂಗ ಎಲ್ಲರಿಗೂ ಗೊತ್ತು, ವಾಲಿ ಸಾಯುತ್ತಾನೆಂಬುದೂ ಗೊತ್ತು. ಭಾಗವತರು ಹಾಡುವ ಪದ್ಯವೂ ಅದೇ. ಆದರೂ ಈ ವರ್ಷ ವಾಲಿಯ ಅರ್ಥ ಹೇಳುವವರು ಯಾರು, ರಾಮನ ಅರ್ಥಧಾರಿ ಯಾರು ಎಂದು ಕೇಳಿಕೊಂಡು ಜನ ಮಳೆಯಲ್ಲಿ ಕೊಡೆ ಹಿಡಿದು ಬರುತ್ತಾರೆ. ಬಂದವರು ಮುಲಾಜಿಲ್ಲದೆ ಹೋಲಿಸುತ್ತಾರೆ: ಹೋದ ಸಲದ ವಾಲಿಯ ಪ್ರಶ್ನೆಗಳು ಹರಿತವಾಗಿದ್ದವು, ಈ ಸಲದವನು ತಾರೆಯೊಂದಿಗಿನ ಮಾತಿನಲ್ಲಿ ಗೆದ್ದ, ರಾಮನಾದವರು ಉತ್ತರ ಕೊಡದೆ ತಪ್ಪಿಸಿಕೊಂಡರು, ಹೀಗೆ. ಪ್ರತಿ ಆಟವೂ ಒಂದು ಮರುಆರಂಭವೇ. ಪ್ರೇಕ್ಷಕರು ಅದನ್ನು ಬೇಡವೆನ್ನುವುದಿಲ್ಲ. ಆದರೆ ವ್ಯವಸ್ಥಾಪಕರು ವೇದಿಕೆಗೆ ಬಂದು, ಇದುವರೆಗೆ ನೀವು ಕೇಳಿದ ವಾಲಿಗಳೆಲ್ಲ ಇಂದಿನಿಂದ ಲೆಕ್ಕಕ್ಕಿಲ್ಲ, ಇವರೇ ಮೊದಲ ವಾಲಿ ಎಂದು ಸಾರಿದರೆ ಸಭೆ ಸುಮ್ಮನಿರುವುದಿಲ್ಲ. ಅಮೆರಿಕದ ಪ್ರಕಾಶಕರು ಆಗಾಗ ಮಾಡುತ್ತ ಬಂದಿರುವುದು ಇಂಥದೇ ಸಾರಿಕೆಯನ್ನು.

ಇನ್ನು ವಿಷಯದ ಒಳಕ್ಕೆ ಹೋಗೋಣ. ಸೂಪರ್‌ಹೀರೋಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವ ಪ್ರಯೋಗ 1940ರ ಜಸ್ಟಿಸ್ ಸೊಸೈಟಿಯಿಂದ ಆರಂಭವಾಯಿತು. 1960ರಲ್ಲಿ ಡಿಸಿ ಸಂಸ್ಥೆಯ ಜಸ್ಟಿಸ್ ಲೀಗ್, 1963ರಲ್ಲಿ ಮಾರ್ವೆಲ್ ಸಂಸ್ಥೆಯ ಅವೆಂಜರ್ಸ್ ಮತ್ತು ಎಕ್ಸ್-ಮೆನ್ ಬಂದವು. ಒಂಟಿ ನಾಯಕನ ಕಾಮಿಕ್ಸಿನಲ್ಲಿ ಖಳನನ್ನು ಸೋಲಿಸುವುದು ಮುಖ್ಯವಾದರೆ, ತಂಡದ ಕಾಮಿಕ್ಸಿನಲ್ಲಿ ಓದುಗರನ್ನು ಹಿಡಿದಿಡುವುದು ಸದಸ್ಯರ ನಡುವಿನ ಮಾತು, ಮುನಿಸು, ಸಲಿಗೆ. ಅವೆಂಜರ್ಸ್ ಈ ಸತ್ಯವನ್ನು ಬಹಳ ಬೇಗ ಪರೀಕ್ಷಿಸಿ ನೋಡಿತು. 1965ರ ಹದಿನಾರನೆಯ ಸಂಚಿಕೆಯಲ್ಲಿ ಥಾರ್, ಐರನ್ ಮ್ಯಾನ್ ಮೊದಲಾದ ಸ್ಥಾಪಕ ಸದಸ್ಯರೆಲ್ಲ ಹೊರಟುಹೋದರು. ಉಳಿದ ಕ್ಯಾಪ್ಟನ್ ಅಮೆರಿಕದ ಪಕ್ಕದಲ್ಲಿ ಹಾಕ್‌ಐ, ಕ್ವಿಕ್‌ಸಿಲ್ವರ್, ಸ್ಕಾರ್ಲೆಟ್ ವಿಚ್ ಬಂದು ನಿಂತರು. ಈ ಮೂವರೂ ಹಿಂದೆ ಖಳರ ಪಕ್ಷದಲ್ಲಿದ್ದವರು. ಅಷ್ಟು ದೊಡ್ಡ ಬದಲಾವಣೆಯಾದರೂ ಸಂಚಿಕೆಯ ಸಂಖ್ಯೆ ಹದಿನಾರರಿಂದ ಹದಿನೇಳಕ್ಕೆ ಹೋಯಿತೇ ಹೊರತು ಒಂದಕ್ಕೆ ಮರಳಲಿಲ್ಲ. ಅದು ಆ ಕಾಲದ ಪದ್ಧತಿ. ಒಂದನೇ ಸಂಚಿಕೆ ಎಂಬುದಕ್ಕೆ ಪ್ರತ್ಯೇಕ ಮಾರುಕಟ್ಟೆ ಆಗಿನ್ನೂ ಹುಟ್ಟಿರಲಿಲ್ಲ.

ಆ ಮಾರುಕಟ್ಟೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಓದುಗರ ಅಭಿಪ್ರಾಯ ಎಂಬ ಹೆಸರಿನಲ್ಲಿ ಪ್ರಕಾಶಕರು ನಮ್ಮ ಮುಂದೆ ಇಡುವುದು ಸಾಮಾನ್ಯವಾಗಿ ಮಾರಾಟದ ಅಂಕಿಯನ್ನು. 1970ರ ದಶಕದಿಂದ ಅಮೆರಿಕದಲ್ಲಿ ಕಾಮಿಕ್ಸಿಗೇ ಮೀಸಲಾದ ಅಂಗಡಿಗಳು ಬೆಳೆದವು. ಇವು ಪ್ರತಿಗಳನ್ನು ರಿಯಾಯಿತಿ ದರದಲ್ಲಿ, ಆದರೆ ಹಿಂದಿರುಗಿಸುವ ಅವಕಾಶವಿಲ್ಲದೆ, ಪ್ರಕಟಣೆಗೆ ಸಾಕಷ್ಟು ಮೊದಲೇ ಬೇಡಿಕೆ ಸಲ್ಲಿಸಿ ತರಿಸಿಕೊಳ್ಳುತ್ತವೆ. ಆದ್ದರಿಂದ ಪ್ರಕಾಶಕನ ಪುಸ್ತಕದಲ್ಲಿ ಮಾರಾಟವೆಂದು ಬರೆಯಲ್ಪಡುವುದು ಅಂಗಡಿಯವನು ಕೊಂಡದ್ದು. ಓದುಗ ಅದನ್ನು ಇನ್ನೂ ನೋಡಿಯೇ ಇರುವುದಿಲ್ಲ. ಒಂದನೇ ಸಂಚಿಕೆಗೆ ಬರುವ ಬೇಡಿಕೆ ಅಂಗಡಿಯವನ ಊಹೆ. 1991ರಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಬರೆದು ಜಿಮ್ ಲೀ ಚಿತ್ರಿಸಿದ ಎಕ್ಸ್-ಮೆನ್ ಒಂದನೇ ಸಂಚಿಕೆಯ ಸುಮಾರು 80 ಲಕ್ಷ ಪ್ರತಿಗಳು ಅಂಗಡಿಗಳಿಗೆ ಹೋದವು. ಒಂದು ಕಾಮಿಕ್ಸ್ ಸಂಚಿಕೆಯ ಮಟ್ಟಿಗೆ ಅದು ದಾಖಲೆ. ಆದರೆ ಅದೇ ಸಂಚಿಕೆ ಐದು ಬೇರೆ ಬೇರೆ ರಕ್ಷಾಪುಟಗಳೊಂದಿಗೆ ಬಂದಿತ್ತು, ಐದನ್ನೂ ಕೊಂಡವರಿದ್ದರು, ಮುಂದೆ ಬೆಲೆ ಏರುತ್ತದೆಂದು ಕಟ್ಟುಕಟ್ಟಾಗಿ ಕೂಡಿಟ್ಟವರಿದ್ದರು. ಬೆಲೆ ಏರಲಿಲ್ಲ, ಎಲ್ಲರ ಬಳಿಯೂ ಇರುವ ವಸ್ತುವಿಗೆ ಬೆಲೆ ಹೇಗೆ ಬಂದೀತು? ಎಂಬತ್ತು ಲಕ್ಷ ಎಂಬ ಸಂಖ್ಯೆಯಿಂದ ಆ ಕಥೆ ಓದುಗರಿಗೆ ಹಿಡಿಸಿತೋ ಇಲ್ಲವೋ ಎಂಬುದು ತಿಳಿಯುವುದೇ ಇಲ್ಲ. ನಾನು ನಂಬುವ ಅಂಕಿ ಆರನೆಯ ಅಥವಾ ಏಳನೆಯ ಸಂಚಿಕೆಯದು. ಅಷ್ಟರಲ್ಲಿ ಕುತೂಹಲಕ್ಕೆ ಕೊಂಡವರು ಚದುರಿರುತ್ತಾರೆ, ಅಂಗಡಿಯವನೂ ತನ್ನ ಗಿರಾಕಿಗಳನ್ನು ನೋಡಿ ಬೇಡಿಕೆಯನ್ನು ತಿದ್ದಿಕೊಂಡಿರುತ್ತಾನೆ.

ಹಾಗಾದರೆ ಅಭಿಪ್ರಾಯ ಎಲ್ಲಿ ಸಿಗುತ್ತದೆ? ಬಹುಕಾಲ ಅದು ಸಿಕ್ಕಿದ್ದು ಸಂಚಿಕೆಯ ಕೊನೆಯಲ್ಲಿದ್ದ ಓದುಗರ ಪತ್ರಗಳ ಪುಟದಲ್ಲಿ. 1960ರ ದಶಕದ ಆರಂಭದಲ್ಲಿ ಡಿಸಿಯ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ಪತ್ರ ಬರೆದವರ ಪೂರ್ಣ ವಿಳಾಸವನ್ನೂ ಮುದ್ರಿಸತೊಡಗಿದರು. ಇದರಿಂದ ಓದುಗರು ಸಂಪಾದಕನನ್ನು ಬಿಟ್ಟು ಪರಸ್ಪರ ಪತ್ರ ಬರೆದುಕೊಳ್ಳುವಂತಾಯಿತು. ಜಸ್ಟಿಸ್ ಸೊಸೈಟಿಯ ಹಳೆಯ ಸಂಚಿಕೆಗಳನ್ನು ಹುಡುಕಿ ಹುಡುಕಿ ಓದಿದ್ದ ಜೆರ್ರಿ ಬೇಲ್ಸ್ ಮತ್ತು ರಾಯ್ ಥಾಮಸ್ ಎಂಬಿಬ್ಬರು ಹೀಗೆ ಒಂದಾದವರು. 1961ರಲ್ಲಿ ಆಲ್ಟರ್ ಈಗೋ ಎಂಬ ಓದುಗರದೇ ಪತ್ರಿಕೆ ಅವರ ಉತ್ಸಾಹದಿಂದ ಹೊರಬಂದಿತು. ಮಿಸೌರಿಯಲ್ಲಿ ಶಾಲಾ ಶಿಕ್ಷಕನಾಗಿದ್ದ ಥಾಮಸ್ ಮುಂದೆ ಮಾರ್ವೆಲ್ ಸೇರಿ ಅವೆಂಜರ್ಸ್ ಬರೆದ, 1972ರಲ್ಲಿ ಪ್ರಧಾನ ಸಂಪಾದಕನೂ ಆದ. ಭವಿಷ್ಯದ ಹದಿಹರೆಯದ ವೀರರ ಕಥೆಯಾದ ಲೀಜನ್ ಆಫ್ ಸೂಪರ್‌ಹೀರೋಸ್‌ನ ವಿಷಯದಲ್ಲಿ ಓದುಗರ ಪಾತ್ರ ಇನ್ನೂ ದೊಡ್ಡದು. ಆ ತಂಡದ ನಾಯಕ ಯಾರಾಗಬೇಕೆಂದು ಓದುಗರು ಮತ ಹಾಕುತ್ತಿದ್ದರು, ಗೆದ್ದವನನ್ನು ಬರಹಗಾರ ಕಥೆಯಲ್ಲಿ ನಾಯಕನನ್ನಾಗಿ ಮಾಡಬೇಕಾಗುತ್ತಿತ್ತು. ಅದೇ ಲೀಜನ್‌ಗೆ ಜಿಮ್ ಶೂಟರ್ ಎಂಬ ಹುಡುಗ ಹದಿನಾಲ್ಕನೆಯ ವಯಸ್ಸಿನಲ್ಲಿ ಕಥೆ ಬರೆದು ಮಾರಿದ. ಅಂದರೆ ಓದುವವರು ಮತ್ತು ಬರೆಯುವವರ ನಡುವಿನ ಬಾಗಿಲು ಈ ಕ್ಷೇತ್ರದಲ್ಲಿ ಎಂದೂ ಪೂರ್ತಿ ಮುಚ್ಚಿದ್ದಿಲ್ಲ.

ಎಲ್ಲ ಮತವೂ ಅಭಿಪ್ರಾಯವಲ್ಲ ಎಂಬುದಕ್ಕೂ ಒಂದು ನಿದರ್ಶನವಿದೆ. 1988ರಲ್ಲಿ ಬ್ಯಾಟ್‌ಮನ್‌ನ ಜೊತೆಗಾರನಾದ ಎರಡನೆಯ ರಾಬಿನ್ ಬದುಕಬೇಕೇ ಸಾಯಬೇಕೇ ಎಂಬುದನ್ನು ಡಿಸಿ ದೂರವಾಣಿ ಮತಕ್ಕೆ ಹಾಕಿತು. ಕರೆಯೊಂದಕ್ಕೆ 50 ಸೆಂಟ್. ಸಾಯಲಿ ಎಂದವು 5,343 ಕರೆಗಳು, ಉಳಿಯಲಿ ಎಂದವು 5,271. ಹುಡುಗ ಸತ್ತ. ಎಪ್ಪತ್ತೆರಡು ಕರೆಗಳ ಅಂತರದಲ್ಲಿ ತೀರ್ಮಾನವಾದ ಈ ಪ್ರಕರಣದಲ್ಲಿ ಒಬ್ಬರೇ ಹಲವು ಬಾರಿ ಕರೆ ಮಾಡುವುದಕ್ಕೆ ಅಡ್ಡಿಯಿರಲಿಲ್ಲ. ಕಾರಣ ಹೇಳುವುದಕ್ಕೆ ಅಲ್ಲಿ ಜಾಗವೂ ಇರಲಿಲ್ಲ. ಕಾರಣ ಹೇಳದ ಮೆಚ್ಚುಗೆಯನ್ನೂ ಕಾರಣ ಹೇಳದ ಬೈಗುಳವನ್ನೂ ನಾನು ಒಂದೇ ತಕ್ಕಡಿಯಲ್ಲಿಟ್ಟು ಬದಿಗೆ ಸರಿಸುತ್ತೇನೆ.

ಯಶಸ್ವಿ ಮರುಆರಂಭದ ಮಾದರಿಯೆಂದು ಎಲ್ಲರೂ ಹೆಸರಿಸುವುದು 1975ರ ಎಕ್ಸ್-ಮೆನ್. ಮೂಲ ತಂಡದ ಕಥೆ 1970ರಲ್ಲಿ ನಿಂತುಹೋಗಿತ್ತು. ಅಲ್ಲಿಂದ ಮುಂದೆ 67ರಿಂದ 93ನೆಯ ಸಂಚಿಕೆಯವರೆಗೆ ಹಳೆಯ ಕಥೆಗಳನ್ನೇ ಮರುಮುದ್ರಿಸುತ್ತಿದ್ದರು. ಹೊರದೇಶಗಳ ಓದುಗರಿಗೂ ಹಿಡಿಸುವಂತೆ ಬೇರೆ ಬೇರೆ ದೇಶಗಳವರನ್ನು ಕೂಡಿಸಿ ಹೊಸ ತಂಡ ಕಟ್ಟುವ ಯೋಚನೆ ಹುಟ್ಟಿದ್ದು ರಾಯ್ ಥಾಮಸ್ ಸಂಪಾದಕನಾಗಿದ್ದಾಗ. ಪತ್ರ ಬರೆಯುತ್ತಿದ್ದ ಆ ಓದುಗನೇ ಇಲ್ಲಿ ಮತ್ತೆ ಕಾಣಿಸಿಕೊಳ್ಳುವುದನ್ನು ಗಮನಿಸಿ. ಬರಹಗಾರ ಲೆನ್ ವೀನ್, ಚಿತ್ರಕಾರ ಡೇವ್ ಕಾಕ್ರಮ್ ಸೇರಿ ಕೀನ್ಯಾದ ಸ್ಟಾರ್ಮ್, ಜರ್ಮನಿಯ ನೈಟ್‌ಕ್ರಾಲರ್, ರಷ್ಯಾದ ಕೊಲೋಸಸ್, ಕೆನಡಾದ ವುಲ್ವರೀನ್ ಮೊದಲಾದವರನ್ನು ವಿಶೇಷ ಸಂಚಿಕೆಯೊಂದರಲ್ಲಿ ಒಂದೆಡೆ ತಂದರು. ಕಾಕ್ರಮ್ ಮೊದಲು ಲೀಜನ್‌ಗೆ ಚಿತ್ರ ಬರೆಯುತ್ತಿದ್ದವನು. ನೈಟ್‌ಕ್ರಾಲರ್‌ನ ಕಲ್ಪನೆಯನ್ನು ಅವನು ಲೀಜನ್ ಕಡೆಗೇ ಮೊದಲು ಒಯ್ದಿದ್ದ, ಅಲ್ಲಿ ಅದು ತಿರಸ್ಕೃತವಾಯಿತು. ಕಥೆಯ ಹಂದರ ಸರಳವಾದದ್ದು: ಕ್ರಕೋವಾ ಎಂಬ ಜೀವವಿರುವ ದ್ವೀಪದಲ್ಲಿ ಹಳೆಯ ತಂಡ ಸಿಕ್ಕಿಬಿದ್ದಿದೆ, ಅವರನ್ನು ಬಿಡಿಸಲು ಹೊಸಬರು ಹೋಗುತ್ತಾರೆ. ಹೊಸಬರು ಹಳಬರನ್ನು ಉಳಿಸುತ್ತಾರೆ ಎಂಬಲ್ಲಿಯೇ ಸಂಪಾದಕರ ಜಾಣ್ಮೆಯಿದೆ. ಹಳೆಯ ಓದುಗ ಕಳೆದುಕೊಂಡದ್ದು ಏನೂ ಇಲ್ಲ. ಅವನ ನಾಯಕ ಸೈಕ್ಲಾಪ್ಸ್ ಹೊಸ ತಂಡದೊಳಗೆಯೇ ಉಳಿದು, ಈ ಹೊಸಬರನ್ನು ಹೇಗೆ ಸಂಭಾಳಿಸುವುದೆಂದು ತಿಳಿಯದೆ ಒದ್ದಾಡುತ್ತಾನೆ, ಓದುಗನೂ ಅವನ ಜೊತೆಗೇ ಒದ್ದಾಡುತ್ತಾನೆ. ಪತ್ರಿಕೆ ಕೂಡಲೇ ಗೆದ್ದುಬಿಡಲಿಲ್ಲ ಎಂಬುದನ್ನೂ ಹೇಳಬೇಕು. ಕ್ಲೇರ್‌ಮಾಂಟ್ 94ನೆಯ ಸಂಚಿಕೆಯಿಂದ ಕೈಗೆತ್ತಿಕೊಂಡ ಮೇಲೂ ಅದು ಕೆಲವು ವರ್ಷ ಎರಡು ತಿಂಗಳಿಗೊಮ್ಮೆಯೇ ಬರುತ್ತಿತ್ತು. ಅವನು 1991ರವರೆಗೆ ಹದಿನಾರು ವರ್ಷ ಬರೆದ. ಅಷ್ಟು ಸಾವಧಾನ ಇಂದಿನ ಯಾವ ಪ್ರಕಾಶಕನಿಗೂ ಇಲ್ಲ. ನನ್ನ ದೃಷ್ಟಿಯಲ್ಲಿ ಇಂದಿನ ಮರುಆರಂಭಗಳ ದೊಡ್ಡ ಕೊರತೆ ಅದೇ.

ನನ್ನ ವಾದಕ್ಕೆ ಒಗ್ಗದ ಉದಾಹರಣೆಯೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1984ರಲ್ಲಿ ಜಸ್ಟಿಸ್ ಲೀಗಿನ ಬರಹಗಾರ ಗೆರ್ರಿ ಕಾನ್ವೇ ತಂಡವನ್ನು ವಿಸರ್ಜಿಸಿ, ಪೂರ್ಣಾವಧಿ ದುಡಿಯುವವರಷ್ಟೇ ಇರಲಿ ಎಂದು ಅಕ್ವಾಮನ್‌ನ ಬಾಯಲ್ಲಿ ಹೇಳಿಸಿ, ವೈಬ್, ಜಿಪ್ಸಿ, ಸ್ಟೀಲ್, ವಿಕ್ಸನ್ ಎಂಬ ಹೆಚ್ಚು ಪರಿಚಿತರಲ್ಲದವರನ್ನು ಸೇರಿಸಿಕೊಂಡು ಡೆಟ್ರಾಯಿಟ್ ನಗರಕ್ಕೆ ಕರೆದೊಯ್ದ. ಇಲ್ಲಿ ಹಳೆಯದನ್ನು ರದ್ದುಪಡಿಸಿರಲಿಲ್ಲ, ಸಂಖ್ಯೆಯೂ ಒಂದಕ್ಕೆ ಮರಳಿರಲಿಲ್ಲ. ಆದರೂ ಓದುಗರು ಒಪ್ಪಲಿಲ್ಲ. 1987ರಲ್ಲಿ 261ನೆಯ ಸಂಚಿಕೆಗೆ ಆ ಮಾಲೆ ಮುಗಿಯಿತು, ಕೊನೆಯ ಕಥೆಯಲ್ಲಿ ವೈಬ್ ಮತ್ತು ಸ್ಟೀಲ್ ಇಬ್ಬರನ್ನೂ ಕೊಂದರು. ಭೂಮಿಯ ಅತಿ ಬಲಿಷ್ಠರು ಒಂದೆಡೆ ಕೂಡುತ್ತಾರೆ ಎಂಬ ಭರವಸೆ ಜಸ್ಟಿಸ್ ಲೀಗ್ ಎಂಬ ಹೆಸರಿನೊಳಗೇ ಇತ್ತು. ಆ ಭರವಸೆಯನ್ನು ಮುರಿದು ಅದರ ಜಾಗಕ್ಕೆ ಬೇರೇನನ್ನೂ ಕೊಡದಿದ್ದುದು ಸೋಲಿಗೆ ಕಾರಣವೆಂದು ನಾನು ತಿಳಿದಿದ್ದೇನೆ. ಹೊಸ ಸದಸ್ಯರು ಬೇಡವಾಗಿದ್ದರೆ ಮರುಕ್ಷಣವೇ ಬಂದ 1987ರ ಜಸ್ಟಿಸ್ ಲೀಗ್ ಕೂಡ ಸೋಲಬೇಕಿತ್ತು. ಕೀತ್ ಗಿಫೆನ್, ಜೆ. ಎಂ. ಡಿಮ್ಯಾಟಿಸ್, ಕೆವಿನ್ ಮಗ್ವಾಯರ್ ಸೇರಿ ತಂದ ಆ ತಂಡದಲ್ಲಿ ಸೂಪರ್‌ಮನ್ ಇಲ್ಲ, ವಂಡರ್ ವುಮನ್ ಇಲ್ಲ. ಬ್ಲೂ ಬೀಟಲ್, ಬೂಸ್ಟರ್ ಗೋಲ್ಡ್‌ರಂಥವರಿದ್ದಾರೆ. ಐದನೆಯ ಸಂಚಿಕೆಯಲ್ಲಿ ಬಾಯಿಬಡುಕ ಗಾಯ್ ಗಾರ್ಡ್ನರ್‌ನನ್ನು ಬ್ಯಾಟ್‌ಮನ್ ಒಂದೇ ಗುದ್ದಿಗೆ ಕೆಡವುತ್ತಾನೆ, ಉಳಿದವರು ನಗು ತಡೆಯಲಾರದೆ ನಿಲ್ಲುತ್ತಾರೆ. ಮಗ್ವಾಯರ್ ಬಿಡಿಸಿದ ಮುಖಭಾವಗಳನ್ನು ನೋಡುವುದಕ್ಕಾಗಿಯೇ ಆ ಪುಟಗಳಿಗೆ ಮರಳುವ ಓದುಗರಿದ್ದಾರೆ, ನಾನೂ ಅವರಲ್ಲೊಬ್ಬ. ಬಲದ ಭರವಸೆಯನ್ನು ಹಿಂತೆಗೆದುಕೊಂಡ ಜಾಗದಲ್ಲಿ ಆ ಬರಹಗಾರರು ಮನುಷ್ಯ ಸಹವಾಸದ ಹಾಸ್ಯವನ್ನು ಕೊಟ್ಟರು. ಡೆಟ್ರಾಯಿಟ್ ತಂಡದ ಕುರಿತ ತೀರ್ಪೂ ಶಾಶ್ವತವಾಗಿ ಉಳಿಯಲಿಲ್ಲ: ಅಂದು ನಗೆಪಾಟಲಾಗಿದ್ದ ವೈಬ್‌ಗೆ 2013ರಲ್ಲಿ ಸ್ವಂತ ಮಾಲೆ ಬಂದಿತು, 2014ರಿಂದ ಟೆಲಿವಿಷನ್ನಿನ ಫ್ಲ್ಯಾಶ್ ಧಾರಾವಾಹಿಯಲ್ಲಿ ಅದೇ ಪಾತ್ರ ಜನಪ್ರಿಯವಾಯಿತು.

ರದ್ದತಿಯ ಪ್ರಶ್ನೆ ಸ್ಪಷ್ಟವಾಗಿ ಕಾಣುವುದು 2011ರಲ್ಲಿ. ಆ ವರ್ಷ ಡಿಸಿ ತನ್ನ ಸೂಪರ್‌ಹೀರೋ ಮಾಲೆಗಳನ್ನೆಲ್ಲ ಒಟ್ಟಿಗೆ ನಿಲ್ಲಿಸಿ 52 ಹೊಸ ಒಂದನೇ ಸಂಚಿಕೆಗಳನ್ನು ಹೊರಡಿಸಿತು. ಆಗಸ್ಟ್ 31ರಂದು ಮೊದಲಿಗೆ ಬಂದದ್ದು ಜೆಫ್ ಜಾನ್ಸ್ ಬರೆದು ಜಿಮ್ ಲೀ ಚಿತ್ರಿಸಿದ ಜಸ್ಟಿಸ್ ಲೀಗ್. ಅಂಗಡಿಗೆ ಬಂದ ದಿನವೇ ಡಿಜಿಟಲ್ ರೂಪದಲ್ಲಿಯೂ ಸಿಗುವಂತೆ ಮಾಡಿದ್ದರು, ಇದರಿಂದ ಕಾಮಿಕ್ಸ್ ಅಂಗಡಿಯೇ ಇಲ್ಲದ ನಮ್ಮಂಥ ಊರುಗಳಿಗೂ ಅದೇ ದಿನ ಓದುವ ಅವಕಾಶ ಬಂದಿತೆಂಬುದನ್ನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಆ ಸಂಚಿಕೆಯ ಬಗ್ಗೆ ಓದುಗರ ಮೊದಲ ತಕರಾರು ಸರಳವಾದದ್ದು ಮತ್ತು ನ್ಯಾಯವಾದದ್ದು: ರಕ್ಷಾಪುಟದಲ್ಲಿ ತಂಡವಿದೆ, ಒಳಗೆ ತಂಡವಿಲ್ಲ. ಬ್ಯಾಟ್‌ಮನ್ ಮತ್ತು ಗ್ರೀನ್ ಲ್ಯಾಂಟರ್ನ್ ಇಬ್ಬರೇ ಜಗಳವಾಡುತ್ತ ಹೆಚ್ಚಿನ ಪುಟಗಳನ್ನು ಕಳೆಯುತ್ತಾರೆ, ಕೊನೆಯಲ್ಲಿ ಸೂಪರ್‌ಮನ್ ಕಾಣಿಸಿಕೊಳ್ಳುವಷ್ಟರಲ್ಲಿ ಸಂಚಿಕೆ ಮುಗಿದಿರುತ್ತದೆ. ಉಳಿದವರು ಒಬ್ಬೊಬ್ಬರಾಗಿ ಮುಂದಿನ ತಿಂಗಳುಗಳಲ್ಲಿ ಬರುತ್ತಾರೆ. ಉಳಿದ ಬಹುಪಾಲು ಮಾಲೆಗಳ ಬೆಲೆ 2.99 ಡಾಲರ್ ಇದ್ದಾಗ ಇದಕ್ಕೆ 3.99. ಆರು ಸಂಚಿಕೆಗಳ ಒಂದು ಪುಸ್ತಕವಾಗಿ ಓದಿದವರಿಗೆ ಈ ದೋಷ ಅಷ್ಟಾಗಿ ಕಾಣುವುದಿಲ್ಲ. ತಿಂಗಳಿಗೊಂದರಂತೆ ಹಣ ಕೊಟ್ಟು ಓದಿದವರಿಗೆ ಅದೇ ಎದ್ದು ಕಂಡಿತು. ಒಂದೇ ಕಥೆಗೆ ಬಂದ ವಿರುದ್ಧ ಅಭಿಪ್ರಾಯಗಳಲ್ಲಿ ಕೆಲವು ಹೀಗೆ ಓದಿದ ರೀತಿಯಿಂದಲೇ ಹುಟ್ಟಿದವು. ವಿಮರ್ಶೆ ಬರೆಯುವವರು ಹೇಗೆ ಓದಿದೆವೆಂದು ಹೇಳದೆ ಬರೆಯುವುದು ನನಗೆ ಹಿಡಿಸದ ಸಂಗತಿ.

ಎರಡನೆಯ ತಕರಾರು ಆಳವಾದದ್ದು. ಸೂಪರ್‌ಮನ್‌ನ ಕೆಂಪು ಚಡ್ಡಿ ಹೋಯಿತೆಂದು ಪತ್ರಿಕೆಗಳು ನಗೆಚಾಟಿಕೆ ಬರೆದವು, ಆದರೆ ಓದುಗರು ಕೇಳುತ್ತಿದ್ದುದು ಅವನ ಮದುವೆ ಎಲ್ಲಿ ಹೋಯಿತೆಂದು. ಲೋಯಿಸ್ ಲೇನ್ ಅವನ ಹೆಂಡತಿಯಾಗಿದ್ದುದು ಇತಿಹಾಸದಿಂದಲೇ ಅಳಿದಿತ್ತು. ತಂಡದ ಸ್ಥಾಪಕರ ಪಟ್ಟಿಯಲ್ಲಿ ಮಾರ್ಷಿಯನ್ ಮ್ಯಾನ್‌ಹಂಟರ್‌ನ ಬದಲಿಗೆ ಸೈಬೋರ್ಗ್ ಬಂದ. ಈ ಒಂದು ಬದಲಾವಣೆಯ ಮೇಲೆ ಓದುಗರ ಮಾತು ಎಷ್ಟು ಸೂಕ್ಷ್ಮವಾಗಬಲ್ಲದೆಂಬುದನ್ನು ನೋಡಿ. ಕಪ್ಪು ಜನಾಂಗದ ನಾಯಕನೊಬ್ಬ ಸೂಪರ್‌ಮನ್, ಬ್ಯಾಟ್‌ಮನ್‌ರ ಸಾಲಿನಲ್ಲಿ ಸ್ಥಾಪಕನಾಗಿ ನಿಲ್ಲುವುದು ಐವತ್ತು ವರ್ಷ ತಡವಾಗಿ ಆದ ನ್ಯಾಯವೆಂದು ಒಂದು ಪಕ್ಷ ಹೇಳಿತು. ಸೈಬೋರ್ಗ್ 1980ರಲ್ಲಿ ಮಾರ್ವ್ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಜ್ ಹೊಸದಾಗಿ ಕಟ್ಟಿದ ಟೀನ್ ಟೈಟನ್ಸ್ ತಂಡದ ಹುಡುಗ, ಆ ಗೆಳೆತನಗಳೇ ಅವನನ್ನು ಮನುಷ್ಯನನ್ನಾಗಿ ಮಾಡಿದ್ದು, ಅವನ್ನೆಲ್ಲ ಅಳಿಸಿ ದೊಡ್ಡವರ ಪಂಕ್ತಿಯಲ್ಲಿ ಕೂರಿಸಿದರೆ ಅವನ ಕೈಗೆ ಸಿಕ್ಕಿದ್ದು ಪದವಿ ಮಾತ್ರ ಎಂದು ಮತ್ತೊಂದು ಪಕ್ಷ ಹೇಳಿತು. ಎರಡೂ ಸರಿಯೆಂದು ನನಗೆ ತೋರುತ್ತದೆ. ಮೊದಲು ಬ್ಯಾಟ್‌ಗರ್ಲ್ ಆಗಿದ್ದ ಬಾರ್ಬರಾ ಗಾರ್ಡನ್‌ಳ ವಿಷಯದಲ್ಲಂತೂ ನಾನು ಸ್ಪಷ್ಟವಾಗಿ ಓದುಗರ ಪಕ್ಷ. 1988ರ ಕಥೆಯೊಂದರಲ್ಲಿ ಗುಂಡೇಟಿನಿಂದ ನಡೆಯುವ ಶಕ್ತಿ ಕಳೆದುಕೊಂಡ ಆಕೆ ಗಾಲಿಕುರ್ಚಿಯಲ್ಲಿ ಕುಳಿತೇ ಆರಕಲ್ ಎಂಬ ಹೆಸರಿನಲ್ಲಿ ಎಲ್ಲ ವೀರರಿಗೂ ಮಾಹಿತಿ ಒದಗಿಸುವ, ಒಂದು ತಂಡವನ್ನೇ ಮುನ್ನಡೆಸುವ ಪಾತ್ರವಾಗಿ ಬೆಳೆದಿದ್ದಳು. 2011ರಲ್ಲಿ ಆಕೆ ಮತ್ತೆ ಎದ್ದು ನಡೆದು ಬ್ಯಾಟ್‌ಗರ್ಲ್ ಆದಳು. ಅಂಗವಿಕಲ ಓದುಗರು ಇದನ್ನು ವಿರೋಧಿಸಿದರು. ಸೂಪರ್‌ಹೀರೋ ಲೋಕದಲ್ಲಿ ತಮ್ಮಂಥವರೆಂದು ತೋರಿಸಬಹುದಾದ ಬೆರಳೆಣಿಕೆಯ ಪಾತ್ರಗಳಲ್ಲಿ ಒಂದನ್ನು ಇವರು ವಾಸಿ ಮಾಡುವ ನೆಪದಲ್ಲಿ ಕಿತ್ತುಕೊಂಡರೆಂಬ ಅವರ ಮಾತಿಗೆ ಹಳೆಯದರ ಹಂಬಲವೆಂದು ಹೆಸರಿಡುವುದು ಅನ್ಯಾಯ.

ಹೊಸ ಓದುಗರಿಗಾಗಿಯೇ ಇಷ್ಟೆಲ್ಲ ಎಂದು ಹೇಳಲಾಗಿತ್ತಲ್ಲ, ಅವರು ಬಂದರೇ? ಡಿಸಿ ತಾನೇ ನೀಲ್ಸನ್ ಸಂಸ್ಥೆಯಿಂದ ಸಮೀಕ್ಷೆ ಮಾಡಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ಉತ್ತರಿಸಿದವರಲ್ಲಿ ಕಾಮಿಕ್ಸಿಗೇ ಹೊಸಬರಾದವರು ಸುಮಾರು ಶೇಕಡಾ 5, ಪುರುಷರು ಶೇಕಡಾ 93. ಆ ಹೊತ್ತಿಗೆ ಬರಹಗಾರ್ತಿಯರ ಕೊರತೆಯ ಬಗ್ಗೆ ಓದುಗರೇ ಪ್ರಶ್ನೆ ಎತ್ತಿದ್ದರು. 2011ರ ಸ್ಯಾನ್ ಡಿಯಾಗೋ ಸಮಾವೇಶದಲ್ಲಿ ಬ್ಯಾಟ್‌ಗರ್ಲ್ ವೇಷದಲ್ಲಿ ಬಂದಿದ್ದ ಓದುಗರೊಬ್ಬರು ಡಿಸಿಯ ಸಭೆಯಿಂದ ಸಭೆಗೆ ಹೋಗಿ ಇದನ್ನೇ ಕೇಳಿದ್ದು ಸುದ್ದಿಯಾಗಿತ್ತು. ಮಾರಾಟ ಮೊದಲ ತಿಂಗಳುಗಳಲ್ಲಿ ಜಿಗಿದದ್ದು ನಿಜ. ಮನೆ ಬಿಟ್ಟು ಹೋಗಿದ್ದ ಹಳಬರಲ್ಲಿ ಕೆಲವರು ನೋಡಿಹೋಗಲು ಬಂದಿದ್ದರು ಎಂಬುದೂ ನಿಜ.

ಈ ತಕರಾರುಗಳಿಗೆ ಬಂದ ಉತ್ತರ ಕುತೂಹಲಕರವಾದದ್ದು, ಏಕೆಂದರೆ ಅದು ಕಥೆಯ ರೂಪದಲ್ಲಿಯೇ ಬಂದಿತು. 2016ರ ಮೇ ತಿಂಗಳಲ್ಲಿ ಡಿಸಿ 80 ಪುಟಗಳ ವಿಶೇಷ ಸಂಚಿಕೆಯೊಂದನ್ನು ಕೇವಲ 2.99 ಡಾಲರಿಗೆ ಹೊರತಂದಿತು. ಬರೆದವನು 2011ರ ಜಸ್ಟಿಸ್ ಲೀಗ್ ಬರೆದಿದ್ದ ಅದೇ ಜೆಫ್ ಜಾನ್ಸ್. ಅದರಲ್ಲಿ, ಐದು ವರ್ಷಗಳಿಂದ ಇತಿಹಾಸದ ಹೊರಗೆ ಉಳಿದಿದ್ದ ಹಳೆಯ ಫ್ಲ್ಯಾಶ್ ಆದ ವಾಲಿ ವೆಸ್ಟ್ ಒಬ್ಬೊಬ್ಬರ ಮುಂದೆಯೂ ಕಾಣಿಸಿಕೊಂಡು ತನ್ನನ್ನು ನೆನಪಿಸಿಕೊಳ್ಳಿರೆಂದು ಬೇಡುತ್ತಾನೆ. ತಾನು ಪ್ರೀತಿಸಿದವಳಿಗೂ ಅವನ ಗುರುತು ಸಿಗುವುದಿಲ್ಲ. ಇನ್ನೇನು ಕರಗಿಹೋಗಬೇಕೆನ್ನುವಾಗ ಆಗ ಫ್ಲ್ಯಾಶ್ ಆಗಿದ್ದ ಬ್ಯಾರಿ ಆಲನ್ ಅವನ ಹೆಸರನ್ನು ಉಚ್ಚರಿಸಿ ಒಳಗೆ ಎಳೆದುಕೊಳ್ಳುತ್ತಾನೆ. ಓದುಗರು ಐದು ವರ್ಷ ಹೇಳುತ್ತ ಬಂದದ್ದನ್ನೇ ಪಾತ್ರದ ಬಾಯಲ್ಲಿಟ್ಟು, ಪ್ರಕಾಶಕರು ತಾವು ಕೇಳಿಸಿಕೊಂಡೆವೆಂದು ಒಪ್ಪಿಕೊಂಡ ಹಾಗೆ ನನಗೆ ಆ ಪುಟಗಳು ಓದಿಸಿಕೊಂಡವು. ಮದುವೆಯಾಗಿದ್ದ ಸೂಪರ್‌ಮನ್ ಕೂಡ ಲೋಯಿಸ್ ಮತ್ತು ಮಗನೊಂದಿಗೆ ಮರಳಿದ. ಇದನ್ನು ಓದುಗರ ಗೆಲುವೆಂದು ಕರೆಯುವ ಮೊದಲು ಒಂದು ಮಾತು ಸೇರಿಸಬೇಕು: 2011ರಲ್ಲಿ ಮೊದಲ ಬಾರಿಗೆ ಓದತೊಡಗಿ, ಆ ಐದು ವರ್ಷಗಳನ್ನೇ ತಮ್ಮದೆಂದುಕೊಂಡಿದ್ದ ಚಿಕ್ಕ ವಯಸ್ಸಿನವರ ಪಾಲಿಗೆ ಇದೇ ಒಂದು ರದ್ದತಿಯಾಯಿತು. ಅವರ ದೂರು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ.

ಎಕ್ಸ್-ಮೆನ್‌ರ ಇತ್ತೀಚಿನ ಕಥೆಯಲ್ಲಿಯೂ ಇದೇ ಆಯಿತು. 2019ರಲ್ಲಿ ಜೊನಾಥನ್ ಹಿಕ್‌ಮನ್ ಜೋಡಿ ಮಾಲೆಗಳ ಹನ್ನೆರಡು ಸಂಚಿಕೆಗಳಲ್ಲಿ ತಂಡವನ್ನು ಹೊಸದಾಗಿ ಕಟ್ಟಿದಾಗ, 1975ರ ಆ ಕ್ರಕೋವಾ ದ್ವೀಪವನ್ನೇ ಮ್ಯುಟೆಂಟರ, ಅಂದರೆ ಎಕ್ಸ್-ಮೆನ್‌ರಂತೆ ಹುಟ್ಟಿನಿಂದಲೇ ವಿಶೇಷ ಶಕ್ತಿಯಿರುವವರ, ಸ್ವತಂತ್ರ ದೇಶವನ್ನಾಗಿ ಮಾಡಿದ. ಸತ್ತ ಮ್ಯುಟೆಂಟರನ್ನು ಬದುಕಿಸುವ ವ್ಯವಸ್ಥೆಯೂ ಅಲ್ಲಿತ್ತು. ಹಳೆಯ ಚರಿತ್ರೆಯಲ್ಲಿ ಒಂದನ್ನೂ ಅಳಿಸದೆ ಅದರ ಅರ್ಥವನ್ನು ಬದಲಿಸಿದ್ದು ಅವನ ಸಾಧನೆ. ಹಳಬರಲ್ಲಿ ಬಹಳ ಮಂದಿ ಇದನ್ನು ಮೆಚ್ಚಿದರು. ಮೆಚ್ಚದವರ ಮಾತಿನಲ್ಲಿಯೂ ಹುರುಳಿತ್ತು. ಪುಟಗಟ್ಟಲೆ ನಕ್ಷೆ, ಕೋಷ್ಟಕ, ಟಿಪ್ಪಣಿಗಳಿಂದ ಕಥೆ ಸರಕಾರಿ ವರದಿಯ ರೂಪ ತಾಳುತ್ತಿದೆ ಎಂದರು. ಸಾವಿಗೆ ಬೆಲೆಯಿಲ್ಲದ ಮೇಲೆ ಯುದ್ಧದಲ್ಲಿ ಆತಂಕವೇನುಳಿಯಿತು ಎಂದು ಕೇಳಿದರು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಪರಿಚಯದ ಪಾತ್ರಗಳು ದೇಶದ ಅಧಿಕಾರಿಗಳಂತೆ ಮಾತನಾಡುತ್ತಿವೆ, ಪರಸ್ಪರ ಸಲಿಗೆಯೇ ಮಾಯವಾಗಿದೆ ಎಂದರು. ತಂಡದ ಕಾಮಿಕ್ಸಿಗೆ ಮೂರನೆಯದೇ ತಕ್ಕ ಮಾನದಂಡವೆಂದು ನಾನು ಎಣಿಸುತ್ತೇನೆ. 2024ರಲ್ಲಿ ಕ್ರಕೋವಾ ಅಧ್ಯಾಯ ಮುಗಿಯಿತು. ಜೆಡ್ ಮ್ಯಾಕೇ ಬರೆಯುವ ತಂಡ ಅಲಾಸ್ಕಾಕ್ಕೆ ಹೋಯಿತು, ಗೇಲ್ ಸಿಮೋನ್ ಬರೆಯುವ ತಂಡ ನ್ಯೂ ಆರ್ಲಿಯನ್ಸ್ ಕಡೆಗೆ. ಎರಡಕ್ಕೂ ಹೊಸ ಒಂದನೇ ಸಂಚಿಕೆ. ಪರಿಚಿತ ನೆಲೆಗೆ ಮರಳಿದರೆಂದು ಹಳಬರು ನೆಮ್ಮದಿಗೊಂಡರು. 2019ರಲ್ಲಿ ಓದು ಆರಂಭಿಸಿದವರಿಗೆ ಆ ದ್ವೀಪವೇ ಎಕ್ಸ್-ಮೆನ್‌ರ ಮನೆಯಾಗಿತ್ತು, ಈಗ ದುಃಖ ಅವರದು. ಐದೇ ವರ್ಷದಲ್ಲಿ ಅವರು ಹಳೆಯ ಓದುಗರಾಗಿಬಿಟ್ಟಿದ್ದಾರೆ.

ಉಪನ್ಯಾಸದ ನಂತರ ವಿದ್ಯಾರ್ಥಿನಿಯೊಬ್ಬರು, ಇಷ್ಟೆಲ್ಲ ಒಂದನೇ ಸಂಚಿಕೆಗಳಲ್ಲಿ ಯಾವುದರಿಂದ ಓದು ಆರಂಭಿಸಬೇಕೆಂದು ಕೇಳಿದರು. ಅಲ್ಲಿ ಕೊಟ್ಟ ಉತ್ತರವನ್ನೇ ಇಲ್ಲಿಯೂ ಬರೆಯುತ್ತೇನೆ. ಎಕ್ಸ್-ಮೆನ್ ಓದುವುದಾದರೆ 1975ರ ವಿಶೇಷ ಸಂಚಿಕೆಯಿಂದ ಹೊರಡಿ, 94ರಿಂದ ಮುಂದಕ್ಕೆ ಸಾಗಿ. ಭಾಷೆ ಸ್ವಲ್ಪ ಮಾತುಗುಳಿಯದು, ಹತ್ತು ಸಂಚಿಕೆಗಳಲ್ಲಿ ಒಗ್ಗುತ್ತದೆ. ಜಸ್ಟಿಸ್ ಲೀಗ್ ಆದರೆ 1987ರದ್ದು. ಅದರ ಕೆಲವು ಹಾಸ್ಯಗಳು, ವಿಶೇಷವಾಗಿ ಹೆಂಗಸರನ್ನು ಕುರಿತವು, ಇಂದು ಮುಜುಗರ ತರುತ್ತವೆ ಎಂಬುದನ್ನು ತಿಳಿದೇ ಓದಿ. 2011ರದ್ದನ್ನು ಓದಬೇಕೆನಿಸಿದರೆ ಬಿಡಿ ಸಂಚಿಕೆ ಕೊಳ್ಳಬೇಡಿ, ಆರೂ ಸೇರಿದ ಪುಸ್ತಕವನ್ನು ತರಿಸಿ, ಮತ್ತು ಅದನ್ನು ಮುಗಿಸಿದ ವಾರದಲ್ಲಿಯೇ 2016ರ ವಿಶೇಷ ಸಂಚಿಕೆಯನ್ನೂ ಓದಿ. ಎರಡನ್ನೂ ಬರೆದವನು ಒಬ್ಬನೇ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಇನ್ನೂ ಒಳ್ಳೆಯದು.